ಹಿತ್ತಿಲಿನ ಕೈರುಚಿ

ನಗರದ ಕೋಲಾಹಲವೆಲ್ಲ ದಣಿದು ಮೆಲ್ಲಗೆ ಮೌನಕ್ಕೆ ಜಾರುವ ಆ ಅಂಚಿನ ಬಡಾವಣೆಯಲ್ಲಿ ಬೇಸಿಗೆಯ ಬೆಳಗು ಬಲು ನಾಜೂಕಾಗಿ ಇಳಿಯುತ್ತಿತ್ತು. ಒಂದೇ ಎತ್ತರದ ಗೋಡೆಗಳು, ಒಂದೇ ಬಣ್ಣದ ಗೇಟುಗಳು, ಒಂದೇ ಅಳತೆಯ ಕಿಟಕಿಗಳ ನಡುವೆ ಹೊಂಬಿಸಿಲು ವಿಳಾಸ ಮರೆತ ಅತಿಥಿಯಂತೆ ಅಲೆದಾಡಿ, ಬೀದಿಯ ತುದಿಮನೆಯ ಹಿತ್ತಿಲನ್ನು ಕಂಡೊಡನೆ ಅಲ್ಲೇ ಕಾಲುಚಾಚಿ ಕೂತುಬಿಡುತ್ತಿತ್ತು! ಏಕೆ ಕೂರಬಾರದು? ಇಟ್ಟಿಗೆಯ ಅಂಚು ಕಟ್ಟಿದ ಪಾತಿಗಳಲ್ಲಿ ಹಸಿರು ಸೊಪ್ಪು ಇಬ್ಬನಿಯ ಮಣಿಮಾಲೆ ತೊಟ್ಟು ನಿಂತಿತ್ತು. ತಂತಿಯ ಚಪ್ಪರದಿಂದ ಸೋರೆಕಾಯಿಗಳು ನಿದ್ದೆಹೋದ ಶಿಶುಗಳಂತೆ ತೂಗುತ್ತಿದ್ದವು. ಕೆಂಪೇರುತ್ತಿದ್ದ ಟೊಮೆಟೊಗಳ ಕೆನ್ನೆಯಲ್ಲಿ ಸೂರ್ಯನೇ ತನ್ನ ಪ್ರತಿಬಿಂಬವನ್ನು ಹುಡುಕುತ್ತಿದ್ದ. ಮೂಲೆಯ ಗೂಡಿನಲ್ಲಿ ಕೋಳಿಗಳ ಕುಟುಕುಮಾತು, ಗೊಬ್ಬರದ ಗುಂಡಿಯಿಂದ ಏಳುವ ಬೆಚ್ಚನೆಯ ಮಣ್ಣಿನ ವಾಸನೆ... ಸಹೃದಯರೇ, ಸಂತೋಷಕ್ಕೊಂದು ರೂಪವಿದ್ದರೆ ಅದು ಹೀಗೆಯೇ ಇರುತ್ತದೆಂದು ಬೇಲಿಯಾಚೆ ನಿಂತವರು ನಂಬುತ್ತಿದ್ದರು.

ಆ ಹಿತ್ತಿಲನ್ನು ಕಟ್ಟಿದವಳು ಆ ಮನೆಯ ಗೃಹಿಣಿ. ಒಂದು ಕಾಲಕ್ಕೆ ಆಕೆ ಭೂಮಾಪನ ಕಚೇರಿಯಲ್ಲಿ ನಕ್ಷೆ ಬಿಡಿಸುತ್ತಿದ್ದಳು. ಗುಡ್ಡದ ಏರಿಳಿತಗಳನ್ನು ಕೂದಲೆಳೆಯಂಥ ಗೆರೆಗಳಲ್ಲಿ ಹಿಡಿದಿಡುವ ಅವಳ ಬೆರಳುಗಳ ಬಗ್ಗೆ ಮೇಲಧಿಕಾರಿಗಳಿಗೂ ಹೆಮ್ಮೆಯಿತ್ತು. ಅವಳ ಗಂಡನದು ಪೇಟೆಯಲ್ಲಿ ಕನ್ನಡಕದ ಅಂಗಡಿ. ಪರರ ಮಸುಕನ್ನೆಲ್ಲ ತಿಳಿಯಾಗಿಸುವ ಮೃದುಭಾಷಿ, ಮಡದಿಯನ್ನು ಕಣ್ರೆಪ್ಪೆಯಂತೆ ಕಾಯುವವನು. ಮಕ್ಕಳಿಲ್ಲದ ಆ ಮನೆಯಲ್ಲಿ ಒಬ್ಬರಿಗೊಬ್ಬರೇ ಬೆಳಕಾಗಿದ್ದರು.

ಮದುವೆಯಾಗಿ ಹಲವು ವರ್ಷಗಳಾದ ಮೇಲೆ, ಒಂದು ಮಳೆಗಾಲದ ಕೊನೆಯಲ್ಲಿ, ಅವಳಿಗೆ ಬಡ್ತಿ ಬಂತು. ದೂರದ ಬಂದರಿನ ಊರಿನಲ್ಲಿ ಕಡಲಿನ ಆಳಗಳ ನಕ್ಷೆ ಬಿಡಿಸುವ ಕೆಲಸ! ಭೂಮಿಯನ್ನು ಬರೆದು ಬರೆದು ಬೇಸತ್ತ ಆ ಬೆರಳುಗಳಿಗೆ ಸಮುದ್ರವೇ ಕೈಚಾಚಿ ಕರೆದಂತಾಗಿತ್ತು. ಅಂದು ಊಟಕ್ಕೆ ಕೂತಾಗ ಅವಳು ಉಸಿರು ಬಿಗಿಹಿಡಿದು ಸುದ್ದಿ ಹೇಳಿದಳು.

"ಇಬ್ಬರೂ ಹೋಗೋಣ. ಅಂಗಡಿ ಅಲ್ಲಿಯೂ ಇಡಬಹುದು."

ಅವನು ತಟ್ಟೆಯ ಸೊಪ್ಪನ್ನು ಬೆರಳಲ್ಲಿ ಬಳಿದು ಬಾಯಿಗಿಟ್ಟುಕೊಂಡು, ಕಣ್ಣುಮುಚ್ಚಿ, ಮೆಲ್ಲನೆ ನುಡಿದ:

"ಈ ಅಂಗಡಿ ಬಿಟ್ಟು ನಾನೆಲ್ಲಿಗೆ ಬರಲಿ? ನೀನೊಬ್ಬಳೇ ಹೋದರೆ ನಾನು ಹೇಗಿರಲಿ? ನಿನ್ನ ಕೈರುಚಿ ಇಲ್ಲದೆ ಒಂದು ದಿನವೂ ಬದುಕಲಾರೆ."

ಎಂಥ ಮಾತು! ಶರತ್ಕಾಲದ ಚಂದಿರನಿಂದ ತೊಟ್ಟಿಕ್ಕಿದಂಥ ಮಾತು... ಅವಳ ಕಣ್ಣು ತುಂಬಿತು. ಕಡಲು ಹಿಂದೆ ಸರಿಯಿತು. ಬಡ್ತಿ ಬೇಡವೆಂದಳು, ಕೆಲವೇ ತಿಂಗಳಲ್ಲಿ ಅವಳಿದ್ದ ಕಚೇರಿಯೂ ಮುಚ್ಚಿದಾಗ ಮನೆಗೆ ಬಂದು ಗುದ್ದಲಿ ಹಿಡಿದಳು. ತನ್ನ ಕೈರುಚಿಯೇ ಒಬ್ಬನ ಪ್ರಾಣವಾದರೆ ಆ ರುಚಿ ಮಣ್ಣಿನಿಂದಲೇ ಮೊಳೆಯಲಿ ಎಂದುಕೊಂಡಳು. ಗಾರೆ ನೆಲ ಒಡೆಸಿ ಮಣ್ಣು ತುಂಬಿದಳು, ಪಾತ್ರೆ ತೊಳೆದ ನೀರನ್ನು ಕೊಳವೆಯಲ್ಲಿ ಪಾತಿಗೆ ಹರಿಸಿದಳು, ಬೀಜಗಳನ್ನು ತಾನೇ ಒಣಗಿಸಿ ಕಾಗದದಲ್ಲಿ ಕಟ್ಟಿಟ್ಟಳು. ಸುಗ್ಗಿ ಹೆಚ್ಚಾದಾಗ ಟೊಮೆಟೊ ಬೇಯಿಸಿ ಗಾಜಿನ ಭರಣಿಗಳಲ್ಲಿ ಮುಚ್ಚಿದಳು. ನಕ್ಷೆಯ ಬೆರಳುಗಳ ಉಗುರಿನಲ್ಲಿ ಮಣ್ಣು ಶಾಶ್ವತವಾಯಿತು. ಪ್ರತಿದಿನವೂ ಎದುರು ಕೂತು ಅವನ ಮುಖ ನೋಡುವಳು, ಅವನು ಪ್ರತಿದಿನವೂ ಬಾಯಿ ಚಪ್ಪರಿಸಿ "ಅಮೃತ!" ಎನ್ನುವನು. ಆ ಒಂದು ಪದದ ನೆರಳಿನಲ್ಲಿ ಅವಳ ಋತುಗಳು ಒಂದೊಂದಾಗಿ ಕಳೆದವು.

ಹೀಗಿರಲು ಆ ವರ್ಷದ ಬಿಸಿಲು ಕ್ರೂರವಾಯಿತು. ಬಡಾವಣೆಗೆ ನೀರು ಬಾರದೆ ಸೋರೆಬಳ್ಳಿ ದಿನಗಟ್ಟಲೆ ಬಾಯಾರಿ ನಿಂತಿತು. ಬಾಡಿದ ಬಳ್ಳಿಯಿಂದ ಉಳಿದ ಕಾಯನ್ನಾದರೂ ಉಳಿಸಿಕೊಳ್ಳೋಣವೆಂದು ಒಂದು ರಜಾದಿನ ಅವಳು ಅದನ್ನು ಕೊಯ್ದಳು. ಆ ಬೆಳಿಗ್ಗೆಯಷ್ಟೇ ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದಳು. ಅರ್ಧ ಬಾಯಿ ಮರಗಟ್ಟಿತ್ತು, ಗಾಯದ ಮೇಲೆ ಹತ್ತಿಯಿತ್ತು. ರುಚಿ ನೋಡದೆಯೇ ಸೋರೆಕಾಯಿ ಬೇಯಿಸಿ ಬಡಿಸಿದಳು. ಅವನು ಎರಡು ಬಟ್ಟಲು ಉಂಡ.

"ಇವತ್ತು ಸೋರೆಕಾಯಿ ಎಷ್ಟು ಸಿಹಿ ಕಣೇ!" ಎಂದ.

ಬಟ್ಟಲು ತೊಳೆದಿಡುವಷ್ಟರಲ್ಲಿ ಅವನು ಹೊಟ್ಟೆ ಹಿಡಿದುಕೊಂಡು ಬಚ್ಚಲಿನ ಬಾಗಿಲಲ್ಲಿ ಕುಸಿದಿದ್ದ. ವಾಂತಿಯಲ್ಲಿ ರಕ್ತ ಕಂಡು ಅವಳು ಆಟೋ ಕರೆಯಲು ಬೀದಿಗೆ ಓಡಿದಳು.

ಆಸ್ಪತ್ರೆಯಲ್ಲಿ ವೈದ್ಯೆ ಎಲ್ಲವನ್ನೂ ಕೇಳಿ ಹುಬ್ಬು ಗಂಟಿಕ್ಕಿದಳು. "ಕಹಿ ಸೋರೆಕಾಯಿ ವಿಷ. ಬಳ್ಳಿ ನೀರಿಲ್ಲದೆ ಸೊರಗಿದಾಗ ಹೀಗಾಗೋದುಂಟು. ಕಹಿ ಇರಲಿಲ್ವಾ?"

"ಇಲ್ಲ... ಸಿಹಿ ಇದೆ ಅಂದ್ರು."

"ಸಾಧ್ಯವೇ ಇಲ್ಲಮ್ಮ. ಇಷ್ಟು ವಿಷ ಇದ್ದರೆ ಒಂದು ತುತ್ತು ಕೂಡ ಗಂಟಲಲ್ಲಿ ಇಳಿಯಲ್ಲ."

ಹಾಸಿಗೆಯ ಮೇಲಿದ್ದವನು ಮುಖವನ್ನು ಗೋಡೆಯತ್ತ ಹೊರಳಿಸಿದ. ಆಗಲೇ ಗಾಬರಿಯಿಂದ ಓಡಿಬಂದ ಅವನ ಅಕ್ಕ, ತಮ್ಮನ ಹಣೆ ಸವರುತ್ತ ಅಳುಗಂಟಲಲ್ಲಿ ಅಂದುಬಿಟ್ಟಳು:

"ಅವನಿಗೆ ರುಚಿ ಎಲ್ಲಿ ತಿಳಿಯುತ್ತೆ? ಆ ಜ್ವರ ಬಂದಾಗಿನಿಂದ ನಾಲಿಗೆ ಸತ್ತೇ ಹೋಗಿದೆಯಲ್ಲ!" ಅಂದವಳೇ ತಮ್ಮನ ಹೆಂಡತಿಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡಳು.

ಆ ಜ್ವರ! ಅವಳಿಗೆ ಚೆನ್ನಾಗಿ ನೆನಪಿತ್ತು. ಬಡ್ತಿಯ ಸುದ್ದಿ ಬರುವುದಕ್ಕೆ ಮುಂಚಿನ ಚಳಿಗಾಲದಲ್ಲಿ ಅವನು ವಾರಗಟ್ಟಲೆ ಮಲಗಿದ್ದ ಜ್ವರ ಅದು. ಹಾಗಾದರೆ ಕಣ್ಣುಮುಚ್ಚಿ ಸೊಪ್ಪು ಸವಿದ ಆ ಸಂಜೆ...? ಕೈರುಚಿ ಇಲ್ಲದೆ ಬದುಕಲಾರೆನೆಂದ ಆ ಮಾತು...?

ಅವನು ಅಪಾಯದಿಂದ ಪಾರಾದನೆಂದು ವೈದ್ಯೆ ಹೇಳಿದ ಮೇಲೆ ಅವಳು ಬಟ್ಟೆ ತರುವ ನೆಪದಲ್ಲಿ ಮನೆಗೆ ಬಂದಳು. ಮುಸ್ಸಂಜೆಯ ಮಂದಪ್ರಭೆಯಲ್ಲಿ ಪಾತ್ರೆ ಒಲೆಯ ಮೇಲೆಯೇ ಇತ್ತು. ಬಾಯಿಯ ಮರಗಟ್ಟುವಿಕೆ ಇಳಿದಿತ್ತು. ತಣ್ಣಗಾದ ರಸವನ್ನು ಬೆರಳ ತುದಿಯಿಂದ ನಾಲಿಗೆಗೆ ಮುಟ್ಟಿಸಿದಳು. ಮಿಂಚು ಹೊಡೆದಂತೆ ತಲೆಯವರೆಗೆ ಏರಿದ ಆ ಕಹಿಯನ್ನು ಉಗಿದಳು, ನೀರು ಮುಕ್ಕಳಿಸಿದಳು, ಮತ್ತೆ ಉಗಿದಳು. ಅದು ಹೋಗಲಿಲ್ಲ. ಭರಣಿಗಳ ಸಾಲಿನೆದುರು ನೆಲದ ಮೇಲೆ ಕೂತು ಅವಳು ಅತ್ತದ್ದನ್ನು ಯಾರೂ ನೋಡಲಿಲ್ಲ.

ಅವನು ಮನೆಗೆ ಮರಳಿದ ದಿನ ಅವಳು ಗಂಜಿ ಮುಂದಿಟ್ಟು ಕೇಳಿದಳು: "ಅಕ್ಕನಿಗೆ ಹೇಳಿದ್ರಿ. ನನಗೇಕೆ ಹೇಳಲಿಲ್ಲ?"

"ಅಕ್ಕ ನನ್ನನ್ನು ಬಿಟ್ಟು ಹೋಗ್ತಾಳೆ ಅನ್ನೋ ಭಯ ಇರಲಿಲ್ಲ."

"ನಾನು ನಿಮ್ಮನ್ನೂ ಕರೆದಿದ್ದೆ."

"ಕರೆದೆ. ನನಗೆ ಧೈರ್ಯ ಸಾಲಲಿಲ್ಲ. ಹೊಸ ಊರು, ಹೊಸ ಅಂಗಡಿ... ನೀನು ಅಲ್ಲಿ ದೊಡ್ಡವಳಾಗ್ತಿದ್ದೆ, ನಾನು ಏನೂ ಆಗ್ತಿರಲಿಲ್ಲ." ಅವನು ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದ. "ನನಗೆ ಬಿಸಿ ತಿಳಿಯುತ್ತೆ, ತಂಪು ತಿಳಿಯುತ್ತೆ. ಎದುರು ಕೂತು ನೀನು ನನ್ನ ಮುಖ ನೋಡ್ತೀಯಲ್ಲ, ಅದು ತಿಳಿಯುತ್ತೆ. ನಾನು ಅಮೃತ ಅಂದಿದ್ದು ಅದಕ್ಕೆ. ಅದು ಸುಳ್ಳಲ್ಲ."

"ಹಾಗಾದ್ರೆ ಅದನ್ನೇ ಹೇಳಬಹುದಿತ್ತು. ಭಯ ಆಗುತ್ತೆ, ಹೋಗಬೇಡ ಅಂದಿದ್ರೂ ಸಾಕಿತ್ತು." ಅವಳು ಕಿಟಕಿಯಾಚೆ ನೋಡುತ್ತ ನುಡಿದಳು. "ನಿಲ್ತಿದ್ದೆನೋ, ಹೋಗ್ತಿದ್ದೆನೋ... ನಿಂತಿದ್ರೆ ನಿಮಗೋಸ್ಕರ ನಿಂತಿರ್ತಿದ್ದೆ. ಈಗ ಯಾರಿಗೋಸ್ಕರ ನಿಂತೆ?"

ಗಂಜಿ ಆರಿತು.

ಆಕೆ ಮನೆ ಬಿಡಲಿಲ್ಲ. ಸಿಟ್ಟಿನಲ್ಲಿ ಬಾಗಿಲು ಬಡಿಯುವ ವಯಸ್ಸು ಹಿತ್ತಿಲಿನಲ್ಲೇ ಕಳೆದುಹೋಗಿತ್ತು. ಬಂದರಿನ ಕಚೇರಿಗೆ ಬರೆದು ಕೇಳಿದಳು. ಆ ಜಾಗದಲ್ಲಿ ಅವಳೇ ಕೆಲಸ ಕಲಿಸಿದ್ದ ಕಿರಿಯಳೊಬ್ಬಳು ಈಗ ಮುಖ್ಯಸ್ಥೆಯಾಗಿದ್ದಳು. ಕೊನೆಗೆ ಪೇಟೆಯ ಪುಟ್ಟ ಕಚೇರಿಯೊಂದರಲ್ಲಿ ಮನೆಗಳ ನಕ್ಷೆ ಬಿಡಿಸುವ ಕೆಲಸ ಸಿಕ್ಕಿತು. ಸಮುದ್ರದ ಆಳಗಳನ್ನು ಬರೆಯಬೇಕಿದ್ದ ಬೆರಳುಗಳು ಬಚ್ಚಲುಮನೆಯ ಕೊಳವೆಗಳನ್ನು ಬರೆದವು. ಕೋಳಿಗಳು ಪಕ್ಕದ ಮನೆಗೆ ಹೋದವು. ಪಾತಿಗಳಲ್ಲಿ ಎರಡು ಮಾತ್ರ ಉಳಿದವು.

ಅಡುಗೆ ಅವನ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ, ಒಂದು ಸಂಜೆ ಅವಳು ಬರುವ ಹೊತ್ತಿಗೆ ಅವನೇ ಬೇಗ ಅಂಗಡಿ ಮುಚ್ಚಿ ಬಂದು ಒಲೆಯ ಮುಂದೆ ನಿಂತಿದ್ದ. ಕುರುಡನೊಬ್ಬ ಚಿತ್ರ ಬರೆದಂತೆ, ಕೈಯಂದಾಜಿನಲ್ಲೇ ಉಪ್ಪು ಹಾಕುವನು, ಹುಳಿ ಹಿಂಡುವನು. ಬಡಿಸಿ, ಎದುರು ಕೂತು, ಅವಳು ವರ್ಷಗಟ್ಟಲೆ ನೋಡಿದ ಹಾಗೆಯೇ ಅವಳ ಮುಖ ನೋಡುವನು.

"ಹೇಗಿದೆ?"

"ಉಪ್ಪು ಜಾಸ್ತಿ. ಬೇಳೆ ಬೆಂದಿಲ್ಲ."

"ನಾಳೆ ಸರಿಮಾಡ್ತೀನಿ."

ಅವಳು ಅರ್ಧ ಉಂಡು ತಟ್ಟೆ ಸರಿಸುವಳು. ಚೆನ್ನಾಗಿದೆಯೆಂಬ ಒಂದು ಸುಳ್ಳು ತುಟಿಯ ಅಂಚಿನವರೆಗೆ ಬರುತ್ತಿತ್ತು; ಅದು ಎಷ್ಟು ಸುಲಭವೆಂದು, ಎಷ್ಟು ಮೃದುವೆಂದು ಅವಳಿಗೆ ಆಗ ತಿಳಿಯುತ್ತಿತ್ತು... ಆದರೂ ಹೇಳಲಿಲ್ಲ. ಒಂದು ದಿನವೂ ಹೇಳಲಿಲ್ಲ.

ಒಲವು, ಸಹೃದಯರೇ, ಕ್ಷಮೆಯಿಂದಲೇ ಉಳಿಯಬೇಕೆಂದಿಲ್ಲ. ಕೆಲವು ಮನೆಗಳಲ್ಲಿ ಅದು ಬರಿಯ ನಿಜದ ಮೇಲೆ, ಒಣಗಿದ ನದಿಯ ಪಾತ್ರದಲ್ಲಿ ಮಲಗಿದ ಬೆಳದಿಂಗಳಂತೆ, ತಣ್ಣಗೆ ಉಳಿದಿರುತ್ತದೆ. ಅಲ್ಲಿ ಯಾರ ದಾಹವೂ ತೀರುವುದಿಲ್ಲ. ಆದರೂ ಇಬ್ಬರೂ ಆ ದಂಡೆಯನ್ನು ಬಿಟ್ಟು ಏಳುವುದಿಲ್ಲ. ಕಳೆದುಹೋದದ್ದು ಎಷ್ಟೆಂದು ಇಬ್ಬರಿಗೂ ಗೊತ್ತಿರುವುದೇ ಅವರ ನಡುವಿನ ಕಡೆಯ ಆಪ್ತತೆಯಾಗಿರುತ್ತದೆ!