ತೂಬಿನ ಕಡೆ ನೋಡುವ ಮೀನು

ಭಾನುವಾರ ಹನ್ನೊಂದರ ಹೊತ್ತಿಗೆ ಸುಂಕಪ್ಪನ ಆಟೊ ಕೋಟೆಕೆರೆಯ ಏರಿಯ ಮೇಲೆ ಬಂದು ನಿಂತಿತು. ಒಳಗಿಂದ ನಾಲ್ವರು ಇಳಿದರು. ಬೆಳಗಿನ ತಂಪಿನಲ್ಲಿ ರಾಯದುರ್ಗದ ಬೆಟ್ಟದ ಕೋಟೆ ಹತ್ತಿ ಇಳಿದು ಅವರ ಮೊಣಕಾಲು ಆಗಲೇ ಸೋತಿದ್ದವು. ಇಲ್ಲಿನ ಕೋಟೆ ಅಂಥ ದೊಡ್ಡದೇನಲ್ಲ. ಕೆರೆಯ ಪಕ್ಕದ ಗುಡ್ಡದ ಮೇಲೆ ಅರ್ಧ ಬಿದ್ದ ಒಂದು ಬುರುಜು, ಅಲ್ಲಿಂದ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಅಷ್ಟೇ. ಆದರೂ ಜನ ಬರುತ್ತಿದ್ದರು. ಬರುತ್ತಿದ್ದದ್ದು ಸುಂಕಪ್ಪನ ಕಥೆಗೆ.

"ಬರ್ರಿ ಸರ್, ಇಲ್ಲಿ ನೋಡ್ರಿ," ಅಂತ ಅವನು ಕೆಳಗಿನ ಮೆಟ್ಟಿಲ ಪಕ್ಕದ ಗೋಡೆ ತೋರಿಸಿದ. ಅಲ್ಲೊಂದು ಮೊಳದುದ್ದದ ಮೀನು ಕೆತ್ತಿದ್ದರು. ಬೇಸಿಗೆಯಾದ್ದರಿಂದ ನೀರು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿತ್ತು. "ಪಾಳೇಗಾರ ಊರು ಬಿಟ್ಟು ಓಡುವಾಗ ಏಳು ಕೊಪ್ಪರಿಗೆ ಬಂಗಾರ ಹೂತಿಟ್ಟು ಹೋದ. ಗುರುತಿಗೆ ಅಂತ ಈ ಮೀನು ಕೆತ್ತಿಸಿದ. ಇದರ ಮಕ ಯಾವ ಕಡಿಗೆ ಐತಿ ನೋಡ್ರಿ. ಅದು ನೋಡೋ ಕಡಿಗೇ ನಿಧಿ ಐತಿ!"

ನಾಲ್ವರೂ ಮೀನು ನೋಡುವ ಕಡೆಗೆ ತಿರುಗಿ ನೋಡಿದರು. ಒಬ್ಬ ಫೋನಿನಲ್ಲಿ ವಿಡಿಯೊ ಹಿಡಿಯುತ್ತಿದ್ದ.

ಏರಿಯ ಮಗ್ಗುಲಲ್ಲಿ ಮೇಕೆಗೆ ಹುಲ್ಲು ಕೊಯ್ಯುತ್ತಿದ್ದ ಬೊಮ್ಮಕ್ಕ ಕುಡುಗೋಲು ಹಿಡಿದೇ ಎದ್ದು ನಿಂತಳು. ಅವಳು ಸುಂಕಪ್ಪನ ಸೋದರತ್ತೆ. ಅವಳ ಅಪ್ಪ ಈ ಕೆರೆಯ ನೀರಗಂಟಿಯಾಗಿದ್ದವನು. ತೂಬು ತೆಗೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುವುದು ಎಲ್ಲ ಅವನ ಕೈಯಲ್ಲಿತ್ತು.

"ಲೇ ಸುಂಕ, ಅದು ನಿಧಿ ಮೀನಲ್ಲೋ! ಅದು ನೀರಿನ ಲೆಕ್ಕದ್ದು!"

"ನೀ ಸುಮ್ಕಿರತ್ತೆ," ಅಂದ ಸುಂಕಪ್ಪ. ಬಂದವರ ಕಡೆ ತಿರುಗಿ ನಕ್ಕ. "ವಯಸ್ಸಾಗೈತ್ರಿ, ಏನೇನೋ ಅಂತಾಳ."

ಬೊಮ್ಮಕ್ಕ ಮತ್ತೆ ಹುಲ್ಲಿಗೆ ಬಗ್ಗಿದಳು. ಅವತ್ತು ಸಂಜೆ ಅವನು ಅವಳ ಮನೆ ಮುಂದೆ ಹಾಯ್ದಾಗ ಮಾತ್ರ ಬಿಡಲಿಲ್ಲ.

"ಇಲ್ಲದ ಬಂಗಾರದ ಮಾತು ಯಾಕ ಆಡ್ತೀಯೋ?"

"ಮತ್ತೇನ್ ಹೇಳ್ಲಿ? ಬರೇ ಕಲ್ಲು ನೋಡಾಕ ಯಾರು ಬರ್ತಾರ? ನಾನು ಹುಟ್ಟಿದಾಗಿಂದ ಈ ಕೋಟಿ ಕಡಿಗೆ ಒಂದು ನಾಯಿ ಸೈತ ಬಂದಿದ್ದಿಲ್ಲ. ಈಗ ಅನಂತಪುರದಿಂದ ಬರ್ತಾರ, ಬಳ್ಳಾರಿಯಿಂದ ಬರ್ತಾರ. ಊರಿನ ಹೆಸರು ನಾಕು ಕಡಿಗೆ ಆಗೈತಿ. ನನ್ನ ಕಥೆಯಿಂದ ಯಾರಿಗೆ ಏನು ನಷ್ಟ ಆತು, ಹೇಳು?"

ಅವನ ಮಾತಿನಲ್ಲೂ ಹುರುಳಿತ್ತು. ಬೊಮ್ಮಕ್ಕ "ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು" ಅಂತ ಗೊಣಗಿ ಒಳಗೆ ಹೋದಳು. ಮುದುಕಿಯರು ಗಾದೆ ಹೇಳಿದರೆ ಕೇಳುವವರು ಯಾರು? ಸುಂಕಪ್ಪ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ.

ಆ ವಿಡಿಯೊ ಊರೂರು ಸುತ್ತಿತು. ಮುಂದಿನ ವಾರ ಇಬ್ಬರು ಬಂದರು. ಅವರು ಬುರುಜನ್ನು ಕಣ್ಣೆತ್ತಿಯೂ ನೋಡಲಿಲ್ಲ, ನೇರ ಮೀನಿನ ಹತ್ತಿರ ಹೋಗಿ ಕೂತರು. ಮೂರು ದಿನ ಬಿಟ್ಟು ಮತ್ತೆ ಬಂದರು. ಸರಿಯಾಗಿ ಎಲ್ಲಿಗೆ ನೋಡುತ್ತದೆ ಅಂತ ಫೋನು ಮಾಡಿಯೂ ಕೇಳಿದರು. ತನ್ನ ಕಥೆಗೆ ಇಷ್ಟು ಬೆಲೆ ಬಂತಲ್ಲ ಅಂತ ಸುಂಕಪ್ಪನಿಗೆ ಹೆಮ್ಮೆ. ಮೂರನೆಯ ಸಲ ಬಂದಾಗ ಮೀನಿನ ಮೂತಿಯ ನೇರಕ್ಕೆ ಕೈ ಚಾಚಿ ತೋರಿಸಿಕೊಟ್ಟ. "ಅಗಾ, ಆ ತೂಬು ಐತಲ್ರಿ, ಅದರ ಬುಡಕ್ಕೇ ನೋಡ್ತೈತಿ." ಬಾಯಿಗೆ ಬಂದದ್ದನ್ನು ಹೇಳಿದ್ದನೇ ಹೊರತು, ಮೀನು ಯಾಕೆ ತೂಬಿನ ಕಡೆ ನೋಡುತ್ತದೆ ಎಂದು ಅವನು ಒಂದು ದಿನವೂ ಯೋಚಿಸಿದವನಲ್ಲ.

ಯುಗಾದಿ ಅಮಾವಾಸ್ಯೆಯ ಮಾರನೆಯ ಬೆಳಿಗ್ಗೆ, ಎಣ್ಣೆ ಹಚ್ಚಿಕೊಂಡು ಹಬ್ಬದ ಸ್ನಾನಕ್ಕೆ ಕಾಯುತ್ತಿದ್ದವರೆಲ್ಲ ಹಾಗೇ ಏರಿಗೆ ಓಡಿದರು. ತೂಬಿನ ಬುಡ ಅಗೆದು ಹಾಕಿದ್ದರು. ಗುಂಡಿಯ ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ತೂಬಿನ ಎರಡು ಕಲ್ಲು ಬಿರಿದು, ಕೆರೆಯ ನೀರು ಕಾಲುವೆ ತುಂಬಿ, ಬೆಳೆ ಕೊಯ್ದು ಒಣಗಿಬಿದ್ದ ಗದ್ದೆಗಳಿಗೆ ಸುಮ್ಮನೆ ಹರಿಯುತ್ತಿತ್ತು. ಮಳೆ ಬರುವ ತನಕ ಊರಿನ ದನ, ಕುರಿ ಕುಡಿಯಲು ಅಂತ ಉಳಿಸಿದ್ದ ನೀರು ಅದು.

ಹಬ್ಬದ ಒಬ್ಬಟ್ಟು ಅಲ್ಲಿಗೇ ನಿಂತಿತು. ಗಂಡಸರು, ಹೆಂಗಸರು ಚೀಲಕ್ಕೆ ಮಣ್ಣು ತುಂಬಿ ತುಂಬಿ ಹಾಕಿದರು. ಎಲ್ಲರಿಗಿಂತ ಹೆಚ್ಚು ಚೀಲ ಹೊತ್ತವನು ಸುಂಕಪ್ಪ. ನೀರು ನಿಂತಾಗ ಮಧ್ಯಾಹ್ನ ಆಗಿತ್ತು. ಕೆರೆಯಲ್ಲಿ ಉಳಿದದ್ದು ನಡುವಿನ ಒಂದು ಗುಂಡಿಯಷ್ಟು ನೀರು.

ಆಮೇಲೆ ಜನರ ಸಿಟ್ಟು ಯಾರ ಮೇಲಾದರೂ ಬೀಳಲೇಬೇಕಿತ್ತು. ಬಿದ್ದದ್ದು ಮಾರುತಿಯ ಮೇಲೆ. ಅವನು ಅಗಳಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದು, ಬುರುಜಿನ ಹಿಂದೆ ಹಟ್ಟಿ ಹಾಕಿಕೊಂಡಿದ್ದ. ಅವನ ಹತ್ತಿರ ಹಾರೆ ಇತ್ತು.

"ಕೋಟೆ ಹತ್ರ ಮಲಗೋನು ನೀನೊಬ್ಬನೇ," ಅಂದ ಸರ್ಪಂಚ್ ತಿಪ್ಪೇಸ್ವಾಮಿ. "ನಿನಗ ಗೊತ್ತಿಲ್ದಂಗ ಇಷ್ಟು ಆಳ ತೋಡ್ತಾರೇನೋ? ಸ್ಟೇಷನ್ನಿಗೆ ನಡಿ."

ಮಾರುತಿ ಕೈ ಮುಗಿದ. "ಸ್ವಾಮಿ, ನಾನು ಮೊನ್ನೆನೇ ಕುರಿ ಹೊಡ್ಕಂಡು ಆ ಕಡೆ ಹೊಲಕ್ಕೆ ಹೋಗಿದ್ದೆ, ಈಗ್ಲೇ ಬರ್ತಾ ಇರೋದು. ಹಾರೆ ಹಟ್ಟಿ ಗೂಟ ಹೊಡೆಯಾಕೆ ಇಟ್ಕಂಡಿರೋದು. ನನ್ನ ಎಂಬತ್ತು ಕುರಿ ಇದೇ ನೀರು ಕುಡೀತವೆ. ಅವುಗಳ ಬಾಯಿಗೆ ನಾನೇ ಮಣ್ಣು ಹಾಕ್ತೀನಾ?"

ಯಾರೂ ಕೇಳಲಿಲ್ಲ. ಪರವೂರಿನವನು, ಪರಿಚಯ ಕಡಿಮೆ. ಇಬ್ಬರು ಅವನ ತೋಳು ಹಿಡಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಸುಂಕಪ್ಪ ಸುಮ್ಮಸುಮ್ಮನೆ ಕೈಯ ಕೆಸರು ಒರೆಸಿಕೊಳ್ಳುತ್ತಿದ್ದ. ತಾನು ಅಗೆದಿಲ್ಲ, ಯಾರಿಗೂ ಅಗೆಯಿರಿ ಎಂದೂ ಹೇಳಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ, ಜಾಗ ತೋರಿಸಿದ್ದು ತಾನು ಅಂತ ಯಾರಿಗೂ ತಿಳಿಯುವುದಿಲ್ಲ. ಕಥೆ ಸುಳ್ಳು ಅಂತ ಬೊಮ್ಮಕ್ಕ ಒಬ್ಬಳಿಗೆ ತಿಳಿದಿತ್ತು, ಆದರೆ ಅವಳು ಅವನ ಕಡೆ ನೋಡುತ್ತಲೂ ಇರಲಿಲ್ಲ. ತೂಬಿನ ಬಿರಿದ ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು, ಸತ್ತವರ ಪಕ್ಕ ಕೂತ ಹಾಗೆ ಕೂತಿದ್ದಳು. ಸುಂಕಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಅವನನ್ನ ಬಿಡ್ರಿ," ಅಂದ. "ಗುಂಡಿ ತೋಡಿಸಿದ್ದು ನಾನು."

ಎಲ್ಲರೂ ತಿರುಗಿದರು.

"ಹಾರೆ ಹಿಡಿದಿಲ್ರಿ. ಕಥಿ ಹೇಳಿ ತೋಡಿಸೀನಿ. ಪಾಳೇಗಾರ, ಕೊಪ್ಪರಿಗಿ, ಎಲ್ಲಾ ನಾನು ಕಟ್ಟಿದ ಸುಳ್ಳು. ಇಬ್ಬರು ಬಂದಿದ್ರು. ಇಲ್ಲೇ ಐತಿ ಅಂತ ಈ ಕೈಲೇ ತೋರ್ಸೀನಿ. ಅವರ ನಂಬರು ನನ್ನ ಫೋನಿನಾಗ ಐತಿ."

ತಿಪ್ಪೇಸ್ವಾಮಿ ಮಾರುತಿಯನ್ನು ಬಿಡಿ ಅಂತ ಕೈ ಮಾಡಿದ. ಅವನೂ ಆ ಕಥೆಯನ್ನು ಬೀಗರಿಗೆಲ್ಲ ಹೇಳಿಕೊಂಡು ಮೆರೆದವನೇ. "ನಡಿ," ಅಂದ ಸುಂಕಪ್ಪನಿಗೆ, "ಸ್ಟೇಷನ್ನಿಗೆ ನಾನೂ ಬರ್ತೀನಿ."

ಆ ಇಬ್ಬರೂ ಹದಿನೈದು ದಿನಕ್ಕೆ ಸಿಕ್ಕಿಬಿದ್ದರು. ಅವರಿಗೆ ಸಿಕ್ಕಿದ್ದು ಬರೀ ಕೆಸರು. ಊರಿನವರು ಸುಂಕಪ್ಪನಿಗೆ ಶಿಕ್ಷೆ ಅಂತ ಏನೂ ಹಾಕಲಿಲ್ಲ, ಅವನೇ ಹಾಕಿಕೊಂಡ. ಕೆರೆಯ ಗುಂಡಿ ಬತ್ತಿದ ದಿನದಿಂದ ದಿನಾ ಬೆಳಿಗ್ಗೆ ಆಟೊದಲ್ಲಿ ಡ್ರಮ್ಮು ಇಟ್ಟುಕೊಂಡು, ದೂರದ ಬೋರಿನಿಂದ ನೀರು ತಂದು ದನದ ತೊಟ್ಟಿಗೆ ಸುರಿದ. ಮೊದಲ ವಾರ ಮಾರುತಿ ಅವನ ಮುಖ ನೋಡದೆ ಕುರಿಗಳಿಗೆ ನೀರು ಕುಡಿಸಿಕೊಂಡು ಹೋದ. ಎರಡನೆಯ ವಾರ ಡ್ರಮ್ಮಿನ ಇನ್ನೊಂದು ತುದಿಗೆ ಕೈ ಹಾಕಿದ.

ಶ್ರಾವಣದ ಹೊತ್ತಿಗೆ ಮಳೆ ಕೈಹಿಡಿಯಿತು. ತೂಬಿಗೆ ಹೊಸ ಕಲ್ಲು ಕೂತಿತ್ತು. ಕೆರೆಯ ನೀರು ಮೆಟ್ಟಿಲು ಮೆಟ್ಟಿಲೇ ಹತ್ತಿ ಮೀನನ್ನು ಮುಳುಗಿಸಿತು.

ಆಗ ಬಳ್ಳಾರಿಯಿಂದ ಮೂವರು ಟೀಚರಮ್ಮಂದಿರು ಬಂದರು. ಮಡಕಶಿರಾದ ಕೋಟೆ, ಹೇಮಾವತಿಯ ದೇವಸ್ಥಾನ ನೋಡಿಕೊಂಡು, ರಾಯದುರ್ಗಕ್ಕೆ ಬಂದು ಇಲ್ಲಿಗೆ ಆಟೊ ಹಿಡಿದಿದ್ದರು. ಅವರಲ್ಲಿ ದುರ್ಗಾ ಅನ್ನುವವರು ಇಳಿಯುತ್ತಲೇ ಕೇಳಿದರು.

"ನಿಧಿ ಕಥಿ ಹೇಳೋ ಸುಂಕಪ್ಪ ನೀವೇ ಅಲ್ಲೇನ್ರಿ? ವಿಡಿಯೊದಾಗ ನೋಡೀವಿ. ಹೇಳ್ರಿ, ಕೇಳಾಕಂತನೇ ಬಂದೀವಿ."

ಸುಂಕಪ್ಪ ಏರಿಯ ಕಡೆ ತಿರುಗಿ ಕೂಗಿದ. "ಅತ್ತೇ! ಬಾ ಇಲ್ಲಿ!"

ಬೊಮ್ಮಕ್ಕ ಬರುವಷ್ಟರಲ್ಲಿ ಅವನು ಹೆಗಲ ಟವಲು ಕೊಡವಿ, ತಾನು ಯಾವಾಗಲೂ ನಿಂತು ಕಥೆ ಹೇಳುತ್ತಿದ್ದ ಮೆಟ್ಟಿಲ ಮೇಲೆ ಹಾಸಿದ. ಅವಳನ್ನು ಅಲ್ಲಿ ಕೂರಿಸಿ, ತಾನು ಒಂದು ಮೆಟ್ಟಿಲು ಕೆಳಗೆ ಕೂತ.

"ನಮ್ಮತ್ತೆ ಹೇಳ್ತಾಳ್ರಿ. ಇವಳಪ್ಪ ಈ ಕೆರಿ ನೀರಗಂಟಿ."

ಎಪ್ಪತ್ತು ವರ್ಷಕ್ಕೆ ಮೊದಲ ಸಲ ಪರವೂರಿನವರು ತನ್ನ ಬಾಯಿ ನೋಡುತ್ತಿದ್ದಾರೆ. ಬೊಮ್ಮಕ್ಕ ಸೆರಗು ಸರಿಮಾಡಿಕೊಂಡಳು.

"ಇಲ್ಲೊಂದು ಮೀನು ಐತ್ರವ್ವಾ. ನೀರು ಇಳಿದು ಅದರ ಬೆನ್ನು ಕಂಡ್ರೆ, ನಮ್ಮಪ್ಪ ಎದ್ದು ಹೋಗಿ ತೂಬು ಮುಚ್ಚೋನು. ಅದಕ್ಕೇ ಅದು ತೂಬಿನ ಕಡಿಗೆ ನೋಡ್ತೈತಿ. ಆಮ್ಯಾಲೆ ಯಾವ ಗೌಡ ಕೇಳಿದ್ರೂ ಗದ್ದಿಗೆ ನೀರಿಲ್ಲ. ಉಳಿದಿದ್ದು ದನಕ್ಕ, ಹಕ್ಕಿಪಕ್ಕಿಗೆ."

ದುರ್ಗಾ ಇನ್ನೂ ಏನೋ ಇದೆ ಅಂತ ಕಾದರು. "ಇಷ್ಟೇನಾ?"

"ಇಷ್ಟೇರಿ," ಅಂದ ಸುಂಕಪ್ಪ.

"ಬಂಗಾರ?"

"ನಾನು ಸುಳ್ಳು ಹೇಳಿದ್ದೆ ರೀ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದೂರ ಬಂದದ್ದು ಇದಕ್ಕಾ ಅನ್ನಿಸಿರಬೇಕು. ಒಬ್ಬರು ಫೋನು ಚೀಲಕ್ಕೆ ಹಾಕಿದರು. ದುರ್ಗಾ ಮಾತ್ರ ನೀರಿನ ಕಡೆ ನೋಡುತ್ತಾ ನಿಂತಿದ್ದರು.

"ಅಜ್ಜಿ, ಆ ಮೀನು ಈಗ ಎಲ್ಲೈತಿ?"

"ಒಳಗೈತವ್ವಾ. ಅದು ಕಾಣದಿದ್ರೇನೇ ಊರಿಗೆ ಚಲೋ."

ದುರ್ಗಾ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಬಗ್ಗಿ ಕೂತರು. ಮೊಳಕೈವರೆಗೆ ತೋಳನ್ನು ನೀರಿಗಿಳಿಸಿ ಗೋಡೆಯ ಮೇಲೆ ಕೈಯಾಡಿಸಿದರು. ಪಾಚಿ, ಕಲ್ಲು, ಮತ್ತೆ ಕಲ್ಲು. ಸುಂಕಪ್ಪ ಎದ್ದು, ಅವರು ಜಾರಿದರೆ ಹಿಡಿಯಲಿಕ್ಕೆ ಪಕ್ಕಕ್ಕೆ ಬಂದು ನಿಂತ.

"ಸಿಕ್ತು!" ಅಂದರು ದುರ್ಗಾ. "ಬಾಲ ಸಿಕ್ತು! ಇಲ್ಲಿ ಕಣ್ಣು ಐತಿ! ಏ, ಬರ್ರೇ ಇಲ್ಲಿ!"

ಉಳಿದ ಇಬ್ಬರೂ ಚಪ್ಪಲಿ ಬಿಟ್ಟು ಮೆಟ್ಟಿಲು ಇಳಿದರು.