ಭಾವನ ಪಕ್ಷದ ಗಾಡಿ

ನಾನೊಮ್ಮೆ ಒಂದು ಕಣ್ಣು ಮುಚ್ಚಿ ದಿಟ್ಟಿಸಿದರೆ ಕಾಮನಬಿಲ್ಲೂ ನಾಚಿ ನೆಟ್ಟಗಾಗುತ್ತದೆ. ಇನ್ನು ಕಾರಿನ ಚಕ್ರ ಯಾವ ಲೆಕ್ಕ?

ಅಂಥ ನನ್ನ ಮರ್ಯಾದೆಯನ್ನೇ ಅಕ್ಕನ ಕಾರು ಪಕ್ಕಕ್ಕೆಳೆಯಿತು. ಅದು ಭಾವ ಮದುವೆಗೆ ಮೊದಲೇ ಕೊಂಡ ಗುಂಡುಮೂತಿಯ ಹಳೇ ಗಾಡಿ. ಅವರ ಮೊಣಕಾಲು ಕೈಕೊಟ್ಟ ಮೇಲೆ ಅಕ್ಕ ಅರವತ್ತರ ವಯಸ್ಸಿನಲ್ಲಿ ಓಡಿಸಲು ಕಲಿತಳು. ಆದರೆ ಗಾಡಿ ಸದಾ ಭಾವ ಕೂತ ಕಡೆಗೇ ಎಳೆಯುತ್ತಿತ್ತು; ಸ್ಟಿಯರಿಂಗ್ ಹಿಡಿದು ಹಿಡಿದು ಅವಳ ತೋಳು ಬಿದ್ದುಹೋಗುತ್ತಿತ್ತು. ಈ ಸಲವೂ ಸರಿಹೋಗದಿದ್ದರೆ ಮಾರಿಬಿಡೋಣ ಎಂದಿದ್ದರು ಭಾವ. ಹಾಗೆಂದ ದಿನದಿಂದ ಅವರಿಗೇ ಊಟ ಸೇರುತ್ತಿರಲಿಲ್ಲವಂತೆ.

ನನ್ನ ಗ್ಯಾರೇಜಿನಲ್ಲಿ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ದಾರ ಬಿಗಿದೆ. ಚಕ್ರದ ದಿಕ್ಕು ತಿದ್ದುವ ಟೈ ರಾಡ್ ತಿರುಗಿಸಿ, ಕೂದಲೆಳೆಯಷ್ಟೂ ಸೊಟ್ಟ ಉಳಿಯದಂತೆ ಚಕ್ರ ನಿಲ್ಲಿಸಿದೆ. ನಾನೊಬ್ಬನೇ ಓಡಿಸಿದಾಗ ಬಾಣದಂತೆ ಹೋಯಿತು. ಅಕ್ಕ ಭಾವನನ್ನು ಕೂರಿಸಿಕೊಂಡು ಹೋದವಳು ಬೀದಿಯ ತುದಿಯಿಂದಲೇ ಮುಖ ಊದಿಸಿಕೊಂಡು ತಿರುಗಿ ಬಂದಳು.

“ಮತ್ತೆ ಇವರ ಕಡೆಗೇ ಎಳೀತಿದೆ ಕಣೋ.”

“ಇಷ್ಟು ವರ್ಷ ನನ್ನನ್ನ ನಿನ್ನ ಕಡೆಗೆ ಎಳ್ಕೊಂಡೆ. ಪಾಪ, ಗಾಡಿಯಾದ್ರೂ ನನ್ನ ಪಕ್ಷ ಇರ್ಲಿ ಬಿಡು,” ಎಂದರು ಭಾವ. ನಕ್ಕರೇನೋ ನಿಜ, ಕೈ ಮಾತ್ರ ಬಾಗಿಲನ್ನು ಸವರುತ್ತಲೇ ಇತ್ತು.

ಮುಂದೇನಾಯಿತೆಂದು ಎದುರಂಗಡಿಯ ದರ್ಜಿಗೆ ಮಾರನೇ ದಿನ ವಿವರಿಸುತ್ತಿದ್ದೆ. ಗಾಡಿಯ ಮುಂದೆ ಕೂತು ಒಂದೇ ಒಂದು ಸಲ ದುರುಗುಟ್ಟಿ ನೋಡಿದೆ, ಚಕ್ರ ತಾನಾಗೇ ತಿರುಗಿ ನಿಂತಿತು ಎಂದೆ. ಅವನು ಬಾಯಿಬಿಟ್ಟು ಕೇಳುತ್ತಿದ್ದ. ಅಷ್ಟರಲ್ಲಿ ಅಕ್ಕ ಒಂದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಬಂದು ಗಾಡಿ ನಿಲ್ಲಿಸಿದಳು. ಪಕ್ಕದಲ್ಲಿ ಭಾವ ಮಹಾರಾಜನಂತೆ ಕೂತಿದ್ದರು.

“ಖಾಲಿ ಗಾಡಿಗೆ ದಾರ ಕಟ್ಟಿದ ಜಾಣ ನೀನು,” ಎಂದಳು. “ಅಂಗಿ ಅಳತೇನ ಹ್ಯಾಂಗರಿಗೆ ತಗೋತಾರೇನೋ, ಇವರನ್ನ ಕೂರಿಸಿ ಅಳೆಯೋ ಅಂತ ಹೇಳಿದ್ದು ಯಾರು?”

ದರ್ಜಿ ಕೆಮ್ಮಿದ. ನಾನು ಒಪ್ಪಿಕೊಂಡೆ. ಭಾವನ ಭಾರಕ್ಕೆ ಆ ಕಡೆಯ ಮುದಿ ಸ್ಪ್ರಿಂಗ್ ಕುಸಿದು ಚಕ್ರ ವಾಲುತ್ತಿತ್ತು. ಸ್ಪ್ರಿಂಗ್ ಕುಸಿಯದಂತೆ ಪ್ಯಾಕಿಂಗ್ ಕೊಟ್ಟು, ಇಬ್ಬರನ್ನೂ ಒಳಗೆ ಕೂರಿಸಿ, ಅಲುಗಾಡಬೇಡಿ ಎಂದು ಗದರಿಸಿ ಮತ್ತೆ ದಾರ ಕಟ್ಟಿದ್ದೆ.

“ಅದಕ್ಕೆ ಇಡೀ ಮಧ್ಯಾಹ್ನ ಬೇಕಾಯ್ತು, ಅಲ್ವಾ?” ಎಂದರು ಭಾವ.

ಹಾಗೆಂದು ನಾನೇ ಅವರಿಗೆ ಹೇಳಿದ್ದೆ. ಅದೂ ಸುಳ್ಳೇ. ನಟ್ಟು ಎಷ್ಟೋ ಹೊತ್ತು ಮುಂಚೆಯೇ ಬಿಗಿದಾಗಿತ್ತು. ಗಾಡಿಯೊಳಗೆ ಅಕ್ಕ, ಭಾವ ಒಬ್ಬರ ಭುಜಕ್ಕೊಬ್ಬರು ತಲೆಯಾನಿಸಿ ನಿದ್ದೆಹೋಗಿದ್ದರು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ.