ಒಂದು ರೂಪಾಯಿ ಖೋತಾ

“ಇನ್ನೊಂದ್ಸಲ ಓದು,” ಎಂದಳು ಅಜ್ಜಿ.

ನಾನು ಪತ್ರಿಕೆಯನ್ನು ಬೆಳಕಿಗೆ ಹಿಡಿದು ಮತ್ತೆ ಓದಿದೆ. ಶ್ರೀರಾಂಪುರದ ಸರ್ಕಾರಿ ಹೆರಿಗೆ ಮನೆಗೆಂದು ಮುಂಗಡ ಪತ್ರದಲ್ಲಿ ತೋರಿಸಿರುವ ಹಣದಲ್ಲಿ ಒಂದು ರೂಪಾಯಿ ಖೋತಾ ಮಾಡಬೇಕೆಂದು ಶಾಸನಸಭೆಯ ಸದಸ್ಯರಾದ ಶ್ರೀ ದೊಡ್ಡಬೈರಪ್ಪನವರು ಸೂಚನೆ ಕೊಟ್ಟಿದ್ದಾರೆ. ನಾಳಿದ್ದು ಅದು ಸಭೆಯ ಮುಂದೆ ಬರುತ್ತದೆ. ಅಷ್ಟೇ ಇದ್ದದ್ದು, ಮೂರನೇ ಪುಟದ ಮೂಲೆಯಲ್ಲಿ.

ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತುಹೋಯಿತು. “ಯಾರು? ನಮ್ಮ ದೊಡ್ಡಬೈರಪ್ಪನಾ? ನಮ್ಮ ಪಡಸಾಲೇಲಿ ಕೂತು, ಪಿಳ್ಳಮ್ಮನ ಕಥೆ ಕೇಳಿ ಕಣ್ಣೀರು ಹಾಕಿದನಲ್ಲ, ಅವನಾ?”

“ಅವರೇ ಅಜ್ಜಿ.”

“ಖೋತಾ ಅಂದ್ರೆ ಕಿತ್ಕೊಳ್ಳೋದು ತಾನೆ?”

“ಹೌದು. ಸಂಬಳದಲ್ಲಿ ಖೋತಾ ಅಂತಾರಲ್ಲ, ಹಾಗೆ.”

ಅಜ್ಜಿ ಹುಣಸೆಯಂಟಿದ ಕೈಯನ್ನು ಹಾಗೇ ಎದೆಯ ಮೇಲಿಟ್ಟುಕೊಂಡಳು. ಅವಳ ಬಿಳಿಯ ರವಿಕೆಯ ಮೇಲೆ ಕಂದು ಗುರುತು ಮೂಡಿತು. ನನಗೆ ಆ ಗುರುತನ್ನು ನೋಡುತ್ತಿದ್ದದ್ದು ನೆನಪಿದೆ. ಬೇರೇನೂ ತೋಚಲಿಲ್ಲ.

ನಮ್ಮದು ಮಲ್ಲೇಶ್ವರದ ಮನೆ. ಅಪ್ಪಾಜಿ, ಅಂದರೆ ವೃಷಭೇಂದ್ರಪ್ಪನವರು, ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಜೊತೆಗೆ ಪಕ್ಷದ ವಾರ್ಡು ಕಮಿಟಿಗೆ ಅಧ್ಯಕ್ಷರು. ನಮ್ಮ ಪಕ್ಷ ಸರ್ಕಾರ ನಡೆಸುವ ಪಕ್ಷವಲ್ಲ, ಎದುರು ಸಾಲಿನದು. ಭಾನುವಾರ ಭಾನುವಾರ ಕಮಿಟಿ ನಮ್ಮ ಪಡಸಾಲೆಯಲ್ಲೇ ಸೇರುತ್ತಿತ್ತು. ಮಹಿಳಾ ಶಾಖೆ ಎಂದೂ ಒಂದಿತ್ತು. ಅಜ್ಜಿ ಬಸವಮ್ಮ, ಪಕ್ಕದ ಮನೆಯ ಕಲ್ಯಾಣಮ್ಮ, ಶ್ರೀರಾಂಪುರದ ಪಿಳ್ಳಮ್ಮ ಮತ್ತು ನಾನು, ಶಿವಕುಮಾರಿ. ಸಭೆಯ ಮೊದಲಿಗೆ ಪ್ರಾರ್ಥನೆ ಹಾಡುವುದು, ಚುನಾವಣೆ ಬಂದಾಗ ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಹೋಗುವುದು ನಮ್ಮ ಕೆಲಸ. ಪ್ರಾರ್ಥನೆ ಮುಗಿದ ಮೇಲೆ ನಾವು ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದೆವು. ಗಂಡಸರು ಠರಾವು ಮಾಡುತ್ತಿದ್ದರು. ನಾನಂತೂ ಒಲೆಯ ಮುಂದೆ ಕೂತು ಬೇರೆ ಯಾವುದೋ ಲೋಕದಲ್ಲಿರುತ್ತಿದ್ದೆ. ಅಜ್ಜಿಯ ಕಥೆಗಳಲ್ಲಿ ದೊರೆಯ ಅರಮನೆ ಬಾಗಿಲಿಗೊಂದು ಗಂಟೆ ಇರುತ್ತಿತ್ತು. ಹಸು ಬಂದು ಎಳೆದರೂ ದೊರೆ ಊಟ ಬಿಟ್ಟು ಎದ್ದು ಬರುತ್ತಿದ್ದ. ಶಾಸನಸಭೆ ಎಂದರೆ ಅಂಥದ್ದೇ ಏನೋ ಎಂದುಕೊಂಡಿದ್ದೆ.

ನಮ್ಮ ಪಕ್ಷದಿಂದ ಗೆದ್ದ ದೊಡ್ಡಬೈರಪ್ಪನವರು ಸಭೆಗೆ ಬಂದಿದ್ದ ಭಾನುವಾರ ಮಾತ್ರ ಪಿಳ್ಳಮ್ಮ ಪ್ರಾರ್ಥನೆ ಮುಗಿದರೂ ಒಳಗೆ ಬರದೆ ಪಡಸಾಲೆಯ ಕಂಬ ಹಿಡಿದು ನಿಂತಳು. ಅವಳ ಗಂಡ ಮಿಲ್ಲಿನಲ್ಲಿದ್ದ. ಮಗಳು ಮುನಿಯಮ್ಮನಿಗೆ ಹಿಂದಿನ ವರ್ಷ ನಡುರಾತ್ರಿ ನೋವು ಬಂದಾಗ ಹೆರಿಗೆ ಮನೆಗೆ ಬೀಗ ಹಾಕಿತ್ತು. ಸಂಜೆಯಾದರೆ ಅಲ್ಲಿ ಯಾರೂ ಇರುವುದಿಲ್ಲ. ಜಟಕಾ ಹಿಡಿದು ಕೋಟೆಯ ಹತ್ತಿರದ ದೊಡ್ಡಾಸ್ಪತ್ರೆಗೆ ಹೊರಟರೆ ಮಗು ದಾರಿಯಲ್ಲೇ, ಜಟಕಾದ ಹುಲ್ಲಿನ ಮೇಲೇ ಬಂತು. ಅಳಲಿಲ್ಲ.

“ಈಗ್ ಮತ್ತೆ ಬಸ್ರಿ ಬುದ್ಧಿ. ಆಷಾಢಕ್ಕೆ ದಿನ ತುಂಬ್ತದೆ. ರಾತ್ರಿ ಹೊತ್ಗೆ ಒಬ್ರು ನರ್ಸಮ್ಮ ಇದ್ರೆ ಸಾಕು. ಇನ್ನೇನೂ ಕೇಳಾಕಿಲ್ಲ.”

ದೊಡ್ಡಬೈರಪ್ಪನವರು ಟೋಪಿ ತೆಗೆದು ಕಣ್ಣೊರೆಸಿಕೊಂಡರು. “ಈ ಬಜೆಟ್ಟಲ್ಲಿ ಇದನ್ನ ಎತ್ತದೆ ಇದ್ರೆ ನಾನು ದೊಡ್ಡಬೈರಪ್ಪನೇ ಅಲ್ಲ ಕಣಮ್ಮ,” ಎಂದರು. ಆಮೇಲೆ ಹೇಗೆ ಎತ್ತುವುದು ಎಂದು ಗಂಡಸರು ಮಾತಾಡಿಕೊಂಡರು. ಅಷ್ಟು ಹೊತ್ತಿಗೆ ನಾವು ಕಾಫಿ ಸೋಸುತ್ತಿದ್ದೆವು.

ಈಗ ನೋಡಿದರೆ ಪತ್ರಿಕೆಯಲ್ಲಿ ಈ ಸುದ್ದಿ.

ಕಲ್ಯಾಣಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ಪಿಳ್ಳಮ್ಮನಿಗೆ ಹೇಳಿಕಳಿಸಿದೆವು. ಅವಳು ಸುದ್ದಿ ಕೇಳಿ ಹೊಸಿಲ ಮೇಲೇ ಕುಸಿದು ಕೂತಳು. “ಒಂದ್ ರೂಪಾಯಿನಾ?” ಎಂದಳು. “ಇರೋದೇ ಒಬ್ಳು ಆಯಾ. ಅವಳ ಕೂಲೀಲಿ ಕೀಳ್ತಾರಾ, ದೀಪದ ಎಣ್ಣೇಲಿ ಕೀಳ್ತಾರಾ?”

“ಇವತ್ತು ಒಂದು ರೂಪಾಯಿ, ನಾಳೆ ಬಾಗ್ಲು,” ಎಂದರು ಕಲ್ಯಾಣಮ್ಮ.

“ಅಪ್ಪಾಜಿ ದಾವಣಗೆರೆಯಿಂದ ಬರ್ಲಿ, ಕೇಳೋಣ,” ಎಂದೆ ನಾನು. “ಇಲ್ದಿದ್ರೆ ದೊಡ್ಡಬೈರಪ್ಪನವರನ್ನೇ ಕೇಳೋಣ.”

ಅಜ್ಜಿ ನನ್ನನ್ನು ದುರುಗುಟ್ಟಿ ನೋಡಿದಳು. “ಕಳ್ಳನ ಮನೆಗೇ ಹೋಗಿ, ನೀನು ಕದ್ದಿದೀಯೇನಪ್ಪ ಅಂತ ಯಾರಾದ್ರೂ ಕೇಳ್ತಾರೇನೆ? ನಾಳಿದ್ದು ಇದು ಸಭೆಗೆ ಬರುತ್ತೆ ಅಂತ ನೀನೇ ಓದಿದೆಯಲ್ಲ. ನಿಮ್ಮಪ್ಪ ಬರೋದು ಅದರ ಮಾರನೇ ದಿನ. ನಡೀರಿ, ಮಂತ್ರೀನೇ ನೋಡೋಣ.”

“ಅವರು ಆ ಪಕ್ಷದವರಲ್ವಾ ಅಜ್ಜಿ?”

“ಮಂತ್ರಿ ಆದ್ಮೇಲೆ ಎಲ್ರಿಗೂ ಮಂತ್ರಿ. ದೊರೆಗೆ ಪಕ್ಷ ಏನು ಬಂತು, ಮಂಕೆ?”

ಮಾರನೇ ದಿನ ನಾವು ನಾಲ್ವರೂ ಜಟಕಾದಲ್ಲಿ ಹೈಗ್ರೌಂಡ್ಸಿನ ಬಂಗಲೆಗೆ ಹೋದೆವು. ಗೇಟಿನಲ್ಲಿ ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಯಾರೂ ನಿಲ್ಲಿಸಲಿಲ್ಲ. ಆರೋಗ್ಯ ಮಂತ್ರಿಗಳು ತಾವೇ ವರಾಂಡಕ್ಕೆ ಬಂದರು. ಹಣೆಯಲ್ಲಿ ಗಂಧ, ಹೆಗಲ ಮೇಲೆ ಮಡಿಸಿದ ಶಲ್ಯ. “ಏನು ತಾಯಂದಿರೆ, ಇಷ್ಟು ಬಿಸಿಲಲ್ಲಿ? ಮೊದ್ಲು ಮಜ್ಜಿಗೆ ಕುಡೀರಿ,” ಎಂದರು. ಸಣ್ಣ ಶುಂಠಿ ಹಾಕಿದ ಮಜ್ಜಿಗೆ. ಕಥೆಯ ದೊರೆ ಕಣ್ಣೆದುರಿಗೇ ಬಂದ ಹಾಗಾಗಿ ನನಗೆ ಮೈ ಜುಮ್ಮೆಂದಿತು.

ಅಜ್ಜಿ ನಾವು ಯಾವ ವಾರ್ಡು, ಯಾವ ಪಕ್ಷ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ಆಮೇಲೆ ಪಿಳ್ಳಮ್ಮನ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು.

ಪಿಳ್ಳಮ್ಮ ಕೈಮುಗಿದಳು. “ಬುದ್ಧಿ, ನಮ್ ಹೆರ್ಗೆ ಮನೆ ದುಡ್ನಾಗೆ ಒಂದ್ ಕಾಸೂ ಕೀಳಬ್ಯಾಡಿ. ನಮ್ ಬೈರಪ್ಪನೋರು ಏನಾರ ಅಂದ್ಕಳ್ಳಿ, ನೀವ್ ಕೇಳಬ್ಯಾಡಿ. ಎಂಗೈತೋ ಅಂಗೇ ಇರ್ಲಿ.”

ಮಂತ್ರಿಗಳ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರ ನಿಂತಿತು. “ಏನಂದ್ರಿ ತಾಯಿ?”

“ಎಂಗೈತೋ ಅಂಗೇ ಇರ್ಲಿ ಬುದ್ಧಿ.”

“ಎಲ್ಲರದ್ದೂ ಇದೇ ಅಭಿಪ್ರಾಯವೋ?”

“ಎಲ್ಲರದ್ದೂ,” ಎಂದಳು ಅಜ್ಜಿ.

ನಾನು ಕಲ್ಯಾಣಮ್ಮನವರ ಕಿವಿಯಲ್ಲಿ, “ರಾತ್ರಿ ನರ್ಸಮ್ಮನ ವಿಷಯ ಹೇಳಿ,” ಎಂದೆ. ಅವರು ನನ್ನ ತೊಡೆ ಚಿವುಟಿದರು. “ಸುಮ್ನಿರು. ಮೊದ್ಲು ಇರೋದು ಉಳೀಲಿ. ಇಲ್ದಿರೋದನ್ನ ಆಮೇಲೆ ಕೇಳೋಣ.”

ಮಂತ್ರಿಗಳು ನಕ್ಕರು. ಎಷ್ಟು ಚೆನ್ನಾಗಿ ನಕ್ಕರು! “ನಿಶ್ಚಿಂತೆಯಾಗಿ ಹೋಗಿ ಬನ್ನಿ. ನಿಮ್ಮ ಮಾತನ್ನೇ ಸಭೆಯಲ್ಲಿ ಹೇಳ್ತೀನಿ. ನಾಳೆ ಬಂದು ನೀವೇ ಕೇಳಿ,” ಎಂದು ಗ್ಯಾಲರಿಗೆ ನಾಲ್ಕು ಪಾಸು ಬರೆಸಿಕೊಟ್ಟರು. ಬರುವಾಗ ಪಿಳ್ಳಮ್ಮ ಜಟಕಾದವನಿಗೂ ಹೇಳಿದಳು, ಮಂತ್ರಿ ತನ್ನನ್ನು ತಾಯಿ ಎಂದರೆಂದು.

ವಿಧಾನಸೌಧದ ಗೋಡೆಗಳು ಆಗಿನ್ನೂ ಮೇಲೇಳುತ್ತಿದ್ದವು. ಸಭೆ ನಡೆಯುತ್ತಿದ್ದದ್ದು ಎದುರಿನ ಕೆಂಪು ಕಟ್ಟಡದಲ್ಲಿ, ಅಠಾರಾ ಕಚೇರಿಯಲ್ಲಿ. ಗ್ಯಾಲರಿಯಲ್ಲಿ ನಮ್ಮ ಪಕ್ಕ ಜಾನಕಮ್ಮ ಎಂಬ ನಿವೃತ್ತ ಉಪಾಧ್ಯಾಯಿನಿ ಕೂತಿದ್ದರು. ಪ್ರತಿ ಅಧಿವೇಶನಕ್ಕೂ ಬರುತ್ತಾರಂತೆ, ಹರಿಕಥೆಗೆ ಬಂದ ಹಾಗೆ. ಕೆಳಗೆ ಫ್ಯಾನುಗಳಡಿ ಅರ್ಧ ಜನ ತೂಕಡಿಸುತ್ತಿದ್ದರು. ಒಬ್ಬರು ಚಪ್ಪಲಿ ಬಿಚ್ಚಿ ಕಾಲು ಮಡಿಸಿ ಕೂತಿದ್ದರು. ಇದೇನಾ ಆಸ್ಥಾನ ಎನಿಸಿತು ನನಗೆ.

ಅಧ್ಯಕ್ಷರು ಕರೆದಾಗ ದೊಡ್ಡಬೈರಪ್ಪನವರು ಎದ್ದರು. “ನನ್ನ ಒಂದು ರೂಪಾಯಿ ಖೋತಾ ಸೂಚನೆಯನ್ನು ಮಂಡಿಸುತ್ತೇನೆ,” ಎಂದರು. ಅಜ್ಜಿ ಬಾಯಲ್ಲೇ ಏನೋ ಶಾಪ ಹಾಕಿದಳು. ಆದರೆ ಅವರು ಮಾತು ಮುಂದುವರಿಸಿದರು. ಜಟಕಾದ ಮಾತು. ಹುಲ್ಲಿನ ಮೇಲೆ ಬಂದು ಅಳದೆ ಹೋದ ಮಗುವಿನ ಮಾತು. ಸಂಜೆ ಬೀಳುವ ಬೀಗದ ಮಾತು. ತೂಕಡಿಸುತ್ತಿದ್ದವರು ಕಣ್ಣು ಬಿಟ್ಟರು. “ಸ್ವಾಮಿ, ಶ್ರೀರಾಂಪುರದ ಹೆಂಗಸರು ಹಗಲಲ್ಲೇ ಹೆರಬೇಕು ಅಂತ ಸರ್ಕಾರ ಒಂದು ಕಾಯಿದೆ ಮಾಡಿಬಿಡಲಿ. ಇಲ್ಲವಾದರೆ ರಾತ್ರಿಗೆ ಒಬ್ಬ ದಾದಿಯನ್ನು ಕೊಡಲಿ!”

ನನಗೆ ತಲೆಬುಡ ತಿಳಿಯಲಿಲ್ಲ. “ಹಣ ಕೀಳಬೇಕು ಅನ್ನೋರು ದಾದಿ ಬೇಕು ಅಂತಿದಾರಲ್ಲ?” ಎಂದು ಜಾನಕಮ್ಮನವರನ್ನು ಪಿಸುಮಾತಿನಲ್ಲಿ ಕೇಳಿದೆ.

“ಅಯ್ಯೋ ಮಗು, ಹಣ ಯಾರು ಕಿತ್ತರು? ಹೆಚ್ಚಿಗೆ ಕೊಡಿ ಅಂತ ಸೂಚನೆ ತರೋ ಹಕ್ಕು ಮೆಂಬರಿಗಿಲ್ಲ. ಕಡಿಮೆ ಮಾಡಿ ಅಂತ ಮಾತ್ರ ತರಬಹುದು. ಅದಕ್ಕೇ ಹೆಸರಿಗೆ ಒಂದು ರೂಪಾಯಿ ಖೋತಾ ಅಂತ ಹೇಳಿ ಎದ್ದು ನಿಂತು, ತಮ್ಮ ಕಷ್ಟ ಎಲ್ಲ ಹೇಳ್ಕೋತಾರೆ. ಕೊನೆಗೆ ವಾಪಸು ತಗೋತಾರೆ. ಇಲ್ಲಿ ಬೇಡೋ ರೀತೀನೇ ಇದು.”

ಅಜ್ಜಿಯ ಕಡೆ ತಿರುಗಿದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಂತ್ರಿಗಳು ಎದ್ದರು.

“ಮಾನ್ಯ ಸದಸ್ಯರ ಕಳಕಳಿ ಮೆಚ್ಚತಕ್ಕದ್ದು,” ಎಂದರು, ಅದೇ ಮಜ್ಜಿಗೆಯಂಥ ದನಿಯಲ್ಲಿ. “ಆದರೆ ಅವರದೇ ಪಕ್ಷದ, ಅವರದೇ ವಾರ್ಡಿನ ಮಹಿಳಾ ಶಾಖೆಯವರು ನಿನ್ನೆ ನನ್ನ ಮನೆಗೆ ಬಂದಿದ್ದರು. ಆ ಹೆರಿಗೆ ಮನೆಗೆ ಹೋಗುವವರು ಮಾನ್ಯ ಸದಸ್ಯರಲ್ಲವಷ್ಟೆ, ಆ ತಾಯಂದಿರು!” ಸಭೆ ಗೊಳ್ಳೆಂದಿತು. “ಅವರಲ್ಲಿ ಶ್ರೀರಾಂಪುರದ ಒಬ್ಬ ತಾಯಿ ಏನೆಂದರು ಗೊತ್ತೆ? ಬೈರಪ್ಪನೋರ ಮಾತು ಕೇಳಬ್ಯಾಡಿ ಬುದ್ಧಿ. ಎಂಗೈತೋ ಅಂಗೇ ಇರ್ಲಿ!”

ಪಿಳ್ಳಮ್ಮನ ರಾಗವನ್ನೇ, ಅವಳು ಕೈ ಮುಗಿದ ರೀತಿಯನ್ನೇ ಮಾಡಿ ತೋರಿಸಿದರು. ಆ ಕಡೆಯ ಸಾಲುಗಳೆಲ್ಲ ಮೇಜು ಕುಟ್ಟಿದವು. ಕುಟ್ಟಿದ ಸದ್ದು ನನ್ನ ಪಕ್ಕೆಲುಬಿಗೆ ಬಡಿಯಿತು. “ಆದ್ದರಿಂದ ಜನರ ಇಚ್ಛೆಯಂತೆಯೇ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಕೋರುತ್ತೇನೆ. ಬೇಕಾದರೆ ಅವರನ್ನೇ ಕೇಳಬಹುದು. ಗ್ಯಾಲರಿಯಲ್ಲೇ ಇದ್ದಾರೆ.”

ದೊಡ್ಡಬೈರಪ್ಪನವರು ತಲೆಯೆತ್ತಿದರು. ಅಷ್ಟು ಜನರ ನಗುವಿನ ನಡುವೆ ಅವರ ಬಾಯಿ ಅರ್ಧ ತೆರೆದುಕೊಂಡಿತ್ತು. ನಾವು ಅವರ ಕಣ್ಣಿಗೆ ಬಿದ್ದೆವು. ಒಬ್ಬೊಬ್ಬರನ್ನೇ ನೋಡಿದರು. ಅಜ್ಜಿಯ ಮೇಲೆ ಅವರ ಕಣ್ಣು ನಿಂತಾಗ ಅವಳು ಸೆರಗು ಮುಖಕ್ಕೆಳೆದುಕೊಂಡಳು. ಯಾರೂ ಹೇಳದೆಯೇ ಅವಳಿಗೆ ಅರ್ಥವಾಗಿತ್ತು.

ಪಿಳ್ಳಮ್ಮನಿಗೆ ಆಗಿರಲಿಲ್ಲ. ಅವಳು ಕಂಬಿ ಹಿಡಿದು ಮುಂದಕ್ಕೆ ಬಾಗಿ, ಕೆಳಗಿನ ಸಭೆಗೆಲ್ಲ ಕೈ ಮುಗಿಯುತ್ತಿದ್ದಳು. ಮುಖದ ತುಂಬ ನಗು. “ಕುಮಾರವ್ವಾ, ನನ್ ಮಾತೇ ಅಂದ್ರು! ಕೇಳ್ದಾ? ಅಷ್ಟು ಜನ ದೊಡ್ಡೋರು ಮೇಜು ಕುಟ್ಟಿ ಒಪ್ಕಂಡ್ರು! ರಾತ್ರಿ ನರ್ಸಮ್ಮ ಯಾವತ್ತಿಂದ ಬತ್ತಾರಂತೆ?”

ಅಜ್ಜಿ ಮುಖದ ಮೇಲಿನ ಸೆರಗು ತೆಗೆಯಲಿಲ್ಲ. ನಾನೇ ಹೇಳಬೇಕಾಯಿತು. ಅವಳ ಕಿವಿಯ ಹತ್ತಿರ ಬಾಗಿ, “ನರ್ಸಮ್ಮ ಬರೋದಿಲ್ಲ ಪಿಳ್ಳಮ್ಮ. ಬೈರಪ್ಪನವರು ಕೇಳಿದ್ದು ನರ್ಸಮ್ಮನ್ನೇ. ಇದ್ದ ಹಾಗೇ ಇರ್ಲಿ ಅಂದ್ರೆ, ರಾತ್ರಿ ಬೀಗವೂ ಇದ್ದ ಹಾಗೇ,” ಎಂದೆ.

ಅವಳ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಯಿತು. ಆಮೇಲೆ ಎದ್ದು ನಿಂತಳು.

“ಬುದ್ಧೀ! ನಾನಂದಿದ್ದು ಅದಲ್ಲ! ನಾನಂಗಂದಿಲ್ಲ ಬುದ್ಧೀ!”

ಇಡೀ ಸಭೆ ಮೇಲೆ ನೋಡಿತು. ಅಧ್ಯಕ್ಷರು ಮೇಜು ಬಡಿದರು. ಡವಾಲಿ ಹಾಕಿದ ಇಬ್ಬರು ಜವಾನರು ಬಂದು ಅವಳ ರಟ್ಟೆ ಹಿಡಿದರು. ನಾವೂ ಎದ್ದೆವು. ಬಾಗಿಲು ದಾಟುವಾಗ ಕೆಳಗಿನಿಂದ ದೊಡ್ಡಬೈರಪ್ಪನವರ ದನಿ ಕೇಳಿತು: “ಸೂಚನೆಯನ್ನು ಹಿಂತೆಗೆದುಕೊಳ್ಳುತ್ತೇನೆ.”

ಹೊರಗೆ ಮರದ ನೆರಳಿನಲ್ಲಿ ನಿಂತಿದ್ದಾಗ ಅವರು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ.

“ಬಸವಮ್ಮನೋರೆ, ನನ್ನನ್ನ ಒಂದು ಮಾತು ಕೇಳಬಾರದಿತ್ತಾ?”

“ನೀನು ಒಂದು ಮಾತು ಹೇಳಬಾರದಿತ್ತಾ ಬೈರಪ್ಪ?” ಎಂದಳು ಅಜ್ಜಿ. “ನಮ್ಮ ಪಡಸಾಲೇಲೇ ಕೂತು ಠರಾವು ಮಾಡಿದ್ರಿ. ಒಂದು ಗೋಡೆ ಆಚೆ ಇದ್ವಿ ನಾವು. ಖೋತಾ ಅಂದ್ರೆ ಹೀಗೆ ಕಣಮ್ಮ ಅಂತ ಒಬ್ಬ ಗಂಡಸು ಬಂದು ಹೇಳಲಿಲ್ಲ. ಕಾಫಿಗೆ ಸಕ್ಕರೆ ಕಮ್ಮಿ ಅಂತ ಮಾತ್ರ ಹೇಳಿಕಳಿಸಿದ್ರಿ.”

ಅವರು ಟೋಪಿ ತೆಗೆದು ಕೈಯಲ್ಲಿ ಹಿಂಡಿದರು. “ಹೇಳಬೇಕಿತ್ತು,” ಎಂದರು. ಆಮೇಲೆ ಪಿಳ್ಳಮ್ಮನ ಕಡೆ ತಿರುಗಿ, “ಬರೋ ವರ್ಷದ ಬಜೆಟ್ಟಲ್ಲಿ ಮತ್ತೆ ತರ್ತೀನಿ ತಾಯಿ.”

“ಬರೋ ವರ್ಷನಾ?” ಎಂದಳು ಪಿಳ್ಳಮ್ಮ. “ಬಜೆಟ್ ಬರೋಗಂಟ ತಡ್ಕಾ ಅಂತ ಕೂಸಿಗೆ ನೀವೇ ಹೇಳ್ತೀರಾ ಬುದ್ಧಿ?”

ಅವರು ಹಿಂಡಿದ ಟೋಪಿಯ ಮಡಿಕೆಗಳನ್ನು ಬಿಡಿಸತೊಡಗಿದರು.

ಅಜ್ಜಿ ಪಿಳ್ಳಮ್ಮನ ಭುಜ ಹಿಡಿದಳು. “ನನ್ನ ಮಗಳು ಶೈಲಜಮ್ಮನ ಮನೆ ಚಾಮರಾಜಪೇಟೇಲಿದೆ. ಅಲ್ಲಿಂದ ದೊಡ್ಡಾಸ್ಪತ್ರೆಗೆ ಕೂಗಿದ್ರೆ ಕೇಳುತ್ತೆ. ಜ್ಯೇಷ್ಠ ಮುಗಿಯೋ ಹೊತ್ತಿಗೆ ಮುನಿಯಮ್ಮನ್ನ ಅಲ್ಲಿ ತಂದು ಬಿಡೋಣ. ಹೆರಿಗೆ ಆಗೋವರ್ಗೂ ಇರ್ಲಿ. ಯಾರೇನಂದ್ರೂ ನಾನು ನೋಡ್ಕೋತೀನಿ.”

ಪಿಳ್ಳಮ್ಮ ಅಜ್ಜಿಯ ಕಾಲು ಮುಟ್ಟಲು ಬಾಗಿದವಳು ಅರ್ಧಕ್ಕೇ ನಿಂತಳು.

“ನನ್ ಮಗ್ಳಿಗಾಯ್ತವ್ವಾ,” ಎಂದಳು. “ನಮ್ ಬೀದೀಲಿ ಇನ್ನೂ ಬಸ್ರಿಯರವ್ರೆ. ಮಂತ್ರಿನೇ ತಾಯಿ ಅಂದವ್ರೆ, ಇನ್ ನರ್ಸಮ್ಮ ಬಂದೇ ಬತ್ತಾರೆ ಅಂತ ಅವರ್ಗೆಲ್ಲ ಹೇಳ್ಬುಟ್ಟು ಬಂದಿವ್ನಿ ನಾನು. ಈಗ ಎಂಗೆ ಓಗ್ಲಿ ಬೀದೀಗೆ?”

ಒಳಗಿನಿಂದ ಮತ್ತೆ ಮೇಜು ಕುಟ್ಟುವ ಸದ್ದು ಬಂತು. ಇನ್ನಾವುದೋ ಇಲಾಖೆಯ ಹಣ ಮಂಜೂರಾಗಿರಬೇಕು. ಪಿಳ್ಳಮ್ಮ ಬೆಚ್ಚಿಬಿದ್ದು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಈಗ್ಯಾರ್ ಮಾತ್ಗವ್ವಾ ಕುಟ್ತಾವ್ರೆ?”